ಬೆಣ್ಣೆ ಕುರಿಮರಿಯ ವಿಮಾನಯಾನ

"ಅಗ್ಗದ ವಿಮಾನಕ್ಕೂ ಅಸಲಿ ವಿಮಾನಕ್ಕೂ ಏನು ವ್ಯತ್ಯಾಸ ಅಂತ ಈ ಈಸ್ಟರ್‌ಗೆ ಜಗತ್ತಿಗೇ ತೋರಿಸಿಬಿಡ್ತೀನಿ!" ಎಂದು ನಾರ್ಬರ್ಟ್ ಪವ್ಲಾಕ್ ಅಡುಗೆಮನೆಯ ಮೇಜನ್ನು ಗುದ್ದಿದ. ಲೋಟದ ಕಾಫಿ ತುಳುಕಿ ಅಂದಿನ ಪತ್ರಿಕೆಯ ಮೇಲೆ ಹರಿಯಿತು.

"ಜಗತ್ತು ಕೇಳಿತ್ತಾ ನಿನ್ನ?" ಎಂದಳು ಹೆಂಡತಿ ಇರೀನ್, ಮೇಜು ಒರೆಸುತ್ತ.

"ನಿವೃತ್ತರ ಸಂಘ ಕೇಳಿದೆ. ಮೇ ತಿಂಗಳ ಊಟದ ಸಭೆಯಲ್ಲಿ ನಂದೇ ಭಾಷಣ. ವಿಷಯ: ವಿಮಾನಯಾನದಲ್ಲಿ ಸೇವೆ, ಅಂದು ಮತ್ತು ಇಂದು."

"ಹೋದ ವರ್ಷವೂ ಅದೇ ವಿಷಯ ಅಲ್ವಾ?"

"ಹೋದ ವರ್ಷ ಬರೀ ಬೈದಿದ್ದೆ. ಈ ಸಲ ಆಧಾರ ಸಮೇತ ಬೈತೀನಿ!"

ಬಫಲೋ ವಿಮಾನ ನಿಲ್ದಾಣದಲ್ಲಿ ಎಂಪೈರ್ ಅಟ್ಲಾಂಟಿಕ್ ಕಂಪನಿಯ ಟಿಕೆಟ್ ಕೌಂಟರಿನ ಹಿಂದೆ ನಾರ್ಬರ್ಟ್ ಮೂವತ್ತಮೂರು ವರ್ಷ ನಿಂತವನು. ಪೆಟ್ಟಿಗೆಯನ್ನು ಕಣ್ಣಲ್ಲೇ ತೂಗಿ ತೂಕ ಹೇಳುತ್ತಿದ್ದ. ಹಿಮಪಾತದಲ್ಲಿ ವಿಮಾನ ರದ್ದಾಗಿ ಇನ್ನೂರು ಜನ ಒಟ್ಟಿಗೆ ಕೂಗಾಡಿದರೂ ಟೈ ಸಡಿಲ ಮಾಡಿದವನಲ್ಲ. ನಿವೃತ್ತಿಯ ದಿನ ಕಂಪನಿ ಅವನಿಗೆ ಒಂದು ಗೋಡೆ ಗಡಿಯಾರವನ್ನೂ ಆಜೀವ ಪಾಸನ್ನೂ ಕೊಟ್ಟಿತು. ಗಡಿಯಾರ ಎರಡೇ ವರ್ಷಕ್ಕೆ ನಿಂತಿತು, ಪಾಸು ಇನ್ನೂ ನಡೆಯುತ್ತಿದೆ. ಅದರ ನಿಯಮ ಬಹಳ ಸರಳ. ಕಾಸು ಕೊಟ್ಟವರೆಲ್ಲ ಹತ್ತಿದ ಮೇಲೆ ಸೀಟು ಉಳಿದರೆ ಬಿಟ್ಟಿಯಾಗಿ ವಿಮಾನದಲ್ಲಿ ಹೋಗಬಹುದು. ಉಳಿಯದಿದ್ದರೆ ಬಿಟ್ಟಿಯಾಗಿ ಮನೆಗೆ ಹೋಗಬಹುದು!

ಅವನ ಕಣ್ಣಿಗೆ ಕಸವಾಗಿ ಬಿದ್ದದ್ದು ಹಾಪ್‌ಸ್ಕಾಚ್ ಎಂಬ ಅಗ್ಗದ ವಿಮಾನ ಕಂಪನಿ. ಹಾಪ್‌ಸ್ಕಾಚ್ ಎಂದರೆ ನಮ್ಮ ಕುಂಟೆಬಿಲ್ಲೆ. "ಒಂಟಿ ಕಾಲಲ್ಲಿ ಹಾರೋರಿಗೆ ಸರಿಯಾದ ಹೆಸರು," ಎಂದು ನಾರ್ಬರ್ಟ್ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ಅದರಲ್ಲಿ ಸೀಟು ಆರಿಸಿದರೆ ದುಡ್ಡು, ಎರಡನೆಯ ಚೀಲ ತಂದರೆ ದುಡ್ಡು, ನೀರು ಕೇಳಿದರೆ ದುಡ್ಡು. ಉಸಿರಾಡುವುದಕ್ಕೆ ಇನ್ನೂ ಬೆಲೆ ಹಾಕಿಲ್ಲವೆಂದರೆ ಅದು ಮರೆವಿನಿಂದಲೇ ಇರಬೇಕು ಎಂಬುದು ಅವನ ಗಟ್ಟಿ ನಂಬಿಕೆ.

ಈ ನಂಬಿಕೆಗೆ ಅವನು ತೆತ್ತದ್ದೂ ಸಣ್ಣದೇನಲ್ಲ. ಇರೀನ್‌ಳ ಅಕ್ಕ ವಾಂಡಾ ಮತ್ತು ಅವಳ ಗಂಡ ಎಡ್ ಬಫಲೋದ ಚಳಿ ಸಾಕಾಗಿ ಎಂಟು ವರ್ಷದ ಹಿಂದೆ ಫ್ಲಾರಿಡಾದ ಫೋರ್ಟ್ ಮೈಯರ್ಸ್‌ಗೆ ಹೋಗಿ ನೆಲೆಸಿದ್ದರು. ಎಡ್ ಬರೀ ಷಡ್ಡಕನಲ್ಲ. ಇಪ್ಪತ್ತು ವರ್ಷ ಪ್ರತಿ ಗುರುವಾರ ನಾರ್ಬರ್ಟ್‌ನ ಜೊತೆ, ಭಾರದ ಚೆಂಡು ಉರುಳಿಸಿ ಗೂಟ ಬೀಳಿಸುವ ಬೌಲಿಂಗ್ ಆಡಿದ ಜೀವದ ಗೆಳೆಯ. ಪ್ರತಿ ಈಸ್ಟರ್‌ಗೂ ಫೋನ್ ಮಾಡಿ "ಬಾರೋ ನಾರ್ಬ್" ಎನ್ನುತ್ತಿದ್ದ. ಈಸ್ಟರ್ ಹೊತ್ತಿಗೆ ಎಂಪೈರ್ ಅಟ್ಲಾಂಟಿಕ್‌ನ ಫ್ಲಾರಿಡಾ ವಿಮಾನಗಳಲ್ಲಿ ಸೂಜಿ ಊರುವಷ್ಟೂ ಜಾಗ ಇರುವುದಿಲ್ಲ, ಪಾಸಿನವರಿಗೆ ಸೀಟು ಉಳಿಯುವುದಂತೂ ಕನಸು. "ಸೀಟಿಲ್ಲ ಎಡ್, ಮುಂದಿನ ವರ್ಷ ನೋಡೋಣ," ಎಂದು ಇವನು ಹೇಳುತ್ತಿದ್ದ. ಹಾಪ್‌ಸ್ಕಾಚ್ ಬಫಲೋದಿಂದ ನೇರ ಫೋರ್ಟ್ ಮೈಯರ್ಸ್‌ಗೆ ದಿನಾ ಹಾರುತ್ತಿತ್ತು. ಇರೀನ್ ಎರಡು ಸಲ ಅದರಲ್ಲೇ ಒಬ್ಬಳೇ ಹೋಗಿ ಬಂದಳು. ನಾರ್ಬರ್ಟ್ ಮಾತ್ರ ಹೋಗಲಿಲ್ಲ.

ಕೊನೆಗೆ ಈ ಜನವರಿಯಲ್ಲಿ ಎಡ್‌ನೇ ಬಫಲೋಗೆ ಬಂದ. ಎಂಪೈರ್ ಅಟ್ಲಾಂಟಿಕ್‌ನಲ್ಲೇ ಬಂದ, ಸಾಮಾನು ತುಂಬುವ ಕೆಳಗಿನ ಗೂಡಿನಲ್ಲಿ, ಶವದ ಪೆಟ್ಟಿಗೆಯೊಳಗೆ ಮಲಗಿಕೊಂಡು.

ಸ್ಮಶಾನದಲ್ಲಿ ಹಿಮದ ಮೇಲೆ ನಿಂತು ವಾಂಡಾ ನಾರ್ಬರ್ಟ್‌ನ ಕೈ ಹಿಡಿದಳು. "ಈ ಈಸ್ಟರ್ ಊಟಕ್ಕೆ ನೀನು ಬರಲೇಬೇಕು. ಬರುವಾಗ ಇಲ್ಲಿಯ ಬ್ರಾಡ್‌ವೇ ಮಾರುಕಟ್ಟೆಯಿಂದ ಬೆಣ್ಣೆ ಕುರಿಮರಿ ತಗೊಂಡು ಬಾ. ಅವನೂ ಇಲ್ಲ, ಅದೂ ಇಲ್ಲ ಅಂದ್ರೆ ಆ ಮೇಜಿನ ಮುಂದೆ ನನ್ನ ಕೈಲಿ ಕೂರೋಕಾಗಲ್ಲ ನಾರ್ಬ್."

ಬಫಲೋದ ಪೋಲಿಷ್ ಮನೆಗಳಲ್ಲಿ ಈಸ್ಟರ್ ಊಟದ ಮೇಜಿನ ನಡುವೆ ಬೆಣ್ಣೆಯಲ್ಲಿ ಅಚ್ಚು ಹೊಯ್ದ ಕುರಿಮರಿ ಕೂರಲೇಬೇಕು. ಕಣ್ಣಿಗೆ ಕಾಳುಮೆಣಸು, ಕೊರಳಿಗೆ ಕೆಂಪು ಪಟ್ಟಿ, ಬೆನ್ನ ಮೇಲೊಂದು ಪುಟ್ಟ ಬಾವುಟ. ರೊಟ್ಟಿಗೆ ಸವರಿಕೊಳ್ಳುವವರು ಬಾಲದ ಕಡೆಯಿಂದಲೇ ಕೊರೆಯುತ್ತ ಬರುತ್ತಾರೆ. ತಲೆಗೆ ಚಾಕು ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಮರುವಾರ ಫ್ರಿಜ್ ತೆಗೆದರೆ ಬರೀ ತಲೆಯೊಂದು ತಟ್ಟೆಯಿಂದ ನಮ್ಮನ್ನೇ ದುರುಗುಟ್ಟಿ ನೋಡುತ್ತಿರುತ್ತದೆ.

ತರುತ್ತೇನೆ ಎಂದು ನಾರ್ಬರ್ಟ್ ಮಾತು ಕೊಟ್ಟ. ಕೊಟ್ಟ ಮಾತು ಉಳಿಸಿಕೊಳ್ಳುವ ದಾರಿಯ ಬಗ್ಗೆಯೇ ಈಗ ಅಡುಗೆಮನೆಯಲ್ಲಿ ಜಗಳ.

"ಇಬ್ಬರೂ ಹಾಪ್‌ಸ್ಕಾಚ್‌ನಲ್ಲಿ ಹೋಗಿಬಿಡೋಣ. ಮೂರು ಗಂಟೆಯ ದಾರಿ. ಶನಿವಾರ ಮಧ್ಯಾಹ್ನದೊಳಗೆ ಅಲ್ಲಿರ್ತೀವಿ," ಎಂದಳು ಇರೀನ್.

"ನೀನು ಅದರಲ್ಲಿ ಹೋಗು, ನಾನು ನಮ್ಮದರಲ್ಲಿ ಬರ್ತೀನಿ. ನಡುದಾರಿಯಲ್ಲಿ ಶಾರ್ಲೆಟ್‌ನಲ್ಲಿ ವಿಮಾನ ಬದಲಾಯಿಸಿದರೆ ಆಯ್ತು. ಇಬ್ಬರೂ ನೂರಕ್ಕೆ ಇಷ್ಟು ಅಂತ ಅಂಕ ಕೊಡೋಣ. ಸೀಟು, ಊಟ, ಮಾತು, ಮರ್ಯಾದೆ, ಎಲ್ಲಕ್ಕೂ!"

"ನಿಂಗೆ ಸೀಟು ಸಿಗದಿದ್ರೆ?"

"ನಂಗೆ? ಮೂವತ್ತಮೂರು ವರ್ಷ ದುಡಿದವನಿಗೆ?"

"ಅದೇ ಮೂವತ್ತಮೂರು ವರ್ಷದೋನಿಗೆ ಎಂಟು ವರ್ಷದಿಂದ ಸಿಕ್ಕಿಲ್ಲ."

"ಈ ಸಲ ವಿಚಾರಿಸಿದ್ದೀನಿ. ನಾಲ್ಕು ಸೀಟು ಖಾಲಿ ಇದೆಯಂತೆ. ಕುರಿಮರಿಯೂ ನನ್ನ ಜೊತೆಗೇ ಬರ್ಲಿ. ನಿನ್ನ ಕುಂಟೆಬಿಲ್ಲೆಯಲ್ಲಿ ಅದಕ್ಕೂ ಟಿಕೆಟ್ ಕೇಳ್ತಾರೆ. ನಮ್ಮ ಹುಡುಗಿಯರು ಅದನ್ನ ತಂಪು ಪೆಟ್ಟಿಗೆಯಲ್ಲಿಟ್ಟು ಮಗು ಥರಾ ನೋಡ್ಕೋತಾರೆ."

ಇರೀನ್ ಹಾಪ್‌ಸ್ಕಾಚ್‌ನಲ್ಲಿ ತನ್ನ ಟಿಕೆಟನ್ನು ತಾನು ತೆಗೆದುಕೊಂಡಳು.

ಶನಿವಾರ ಬೆಳಗ್ಗೆ ಇಬ್ಬರೂ ಒಂದೇ ಕಾರಿನಲ್ಲಿ ನಿಲ್ದಾಣಕ್ಕೆ ಹೋದರು. ಇರೀನ್ ಸಡಿಲ ಷರಾಯಿ ತೊಟ್ಟು ಒಂದು ಬಟ್ಟೆಯ ಚೀಲ ಹಿಡಿದಿದ್ದಳು. ನಾರ್ಬರ್ಟ್ ಬೂದು ಸೂಟು, ನೀಲಿ ಟೈ, ಟೈಗೆ ಕಂಪನಿಯ ರೆಕ್ಕೆಯ ಪಿನ್ನು ಹಾಕಿ ಮದುವೆ ಗಂಡಿನಂತೆ ಹೊರಟಿದ್ದ. ಪಾಸಿನಲ್ಲಿ ಹೋಗುವವರು ಸಭ್ಯವಾಗಿ ಉಡುಪು ತೊಡಬೇಕು, ಏನನ್ನೂ ಕೇಳಬಾರದು, ಯಾವುದಕ್ಕೂ ದೂರಬಾರದು ಎಂಬುದು ಹಳೆಯ ಶಿಸ್ತು. ಉಡುಪಿನ ನಿಯಮವನ್ನು ಕಂಪನಿಯೇ ಎಂದೋ ಕೈಬಿಟ್ಟಿದೆ. ನಾರ್ಬರ್ಟ್ ಕೈಬಿಟ್ಟಿರಲಿಲ್ಲ. ಅವನ ಒಂದು ಕೈಯಲ್ಲಿ ಬಟ್ಟೆಯ ಪೆಟ್ಟಿಗೆ. ಇನ್ನೊಂದರಲ್ಲಿ ನೀಲಿ ಐಸ್ ಡಬ್ಬ. ಅದರೊಳಗೆ ಕುರಿಮರಿ.

ತಾನು ನಿಲ್ಲುತ್ತಿದ್ದ ಕೌಂಟರಿನ ಜಾಗಕ್ಕೆ ಬಂದು ನೋಡಿದರೆ ಅಲ್ಲಿ ಕೌಂಟರೇ ಇಲ್ಲ! ಎದೆಯೆತ್ತರದ ಏಳು ಯಂತ್ರಗಳು ಸಾಲಾಗಿ ನಿಂತಿದ್ದವು. ಮೂರನೆಯ ಯಂತ್ರ ಸರಿಯಾಗಿ ಅವನ ಜಾಗದಲ್ಲೇ ಇತ್ತು. ನಾರ್ಬರ್ಟ್ ಅದರ ಮುಂದೆ ನಿಂತು ಹೆಸರು ಒತ್ತಿದ. "ಈ ಹೆಸರಿನವರು ಯಾರೂ ಸಿಗಲಿಲ್ಲ" ಎಂದು ಯಂತ್ರ ಉತ್ತರಿಸಿತು. ಎರಡನೆಯ ಸಲವೂ ಸಿಗಲಿಲ್ಲ. ಮೂರನೆಯ ಸಲ ಪಾಸಿನ ಸಂಖ್ಯೆ ಒತ್ತಿದ ಮೇಲೆ ಒಂದು ಚೀಟಿ ಉಗುಳಿತು. ಪಾಸಿನವರು ದೂರಬಾರದಲ್ಲ, ಅವನು ಚೀಟಿ ಹಿಡಿದು ಮುಂದೆ ನಡೆದ.

ಭದ್ರತಾ ತಪಾಸಣೆಯಲ್ಲಿ ಡಬ್ಬ ತೆರೆಸಿದರು. ಅಧಿಕಾರಿ ಕುರಿಮರಿಯನ್ನು ನೋಡಿದ, ಕುರಿಮರಿ ಕಾಳುಮೆಣಸಿನ ಕಣ್ಣುಗಳಿಂದ ಅಧಿಕಾರಿಯನ್ನು ನೋಡಿತು.

"ಇದು ಘನವೋ, ದ್ರವವೋ?"

"ಸದ್ಯಕ್ಕೆ ಘನ ಸರ್. ನೀವು ಇನ್ನೂ ಹತ್ತು ನಿಮಿಷ ಮುಚ್ಚಳ ತೆಗೆದಿಟ್ಟರೆ ದ್ರವ."

ಅಧಿಕಾರಿ ಮೇಲಧಿಕಾರಿಯನ್ನು ಕರೆದ. ಮೇಲಧಿಕಾರಿಯ ಅಜ್ಜಿಯೂ ಪೋಲಿಷ್ ಮನೆಯವಳೇ ಇರಬೇಕು. ಆತ ಟೋಪಿ ತೆಗೆದು, "ಮುಚ್ರೀ, ಮುಚ್ರೀ, ಕರಗುತ್ತೆ," ಎಂದು ಒಳಗೆ ಬಿಟ್ಟ.

ಬಫಲೋದಿಂದ ಶಾರ್ಲೆಟ್‌ಗೆ ಸೀಟು ಸಿಕ್ಕಿಯೇಬಿಟ್ಟಿತು! ಕೊನೆಯ ಸಾಲು, ಶೌಚಾಲಯದ ಗೋಡೆಗೆ ಒರಗಿದ ನಡುವಿನ ಸೀಟು. ನಾರ್ಬರ್ಟ್ ಖುಷಿಯಿಂದ ಹೆಂಡತಿಗೆ "ಹತ್ತಿದೆ! ಇಲ್ಲಿಯವರೆಗೆ ನೂರಕ್ಕೆ ತೊಂಬತ್ತೊಂದು" ಎಂದು ಸಂದೇಶ ಕಳಿಸಿದ. ಪರಿಚಾರಿಕೆ ಬಂದಾಗ ದನಿ ತಗ್ಗಿಸಿ, "ನಾನೂ ಕಂಪನಿಯವನೇ ಕಣಮ್ಮ. ಈ ಡಬ್ಬ ಸ್ವಲ್ಪ ತಂಪು ಪೆಟ್ಟಿಗೆಯಲ್ಲಿ ಇಡ್ತೀಯಾ?" ಎಂದು ಕೇಳಿದ.

"ಹೊರಗಿನ ತಿಂಡಿ ಅಲ್ಲಿ ಇಡೋ ಹಾಗಿಲ್ಲ ಸರ್, ಕ್ಷಮಿಸಿ." ಹೇಳುವ ರೀತಿಯಲ್ಲಿ ಕುಂದೇನೂ ಇರಲಿಲ್ಲ. ಒಂದು ಪೊಟ್ಟಣ ಬಿಸ್ಕತ್ತು ಕೊಟ್ಟು ಹೋದಳು, ಅದರಲ್ಲಿ ಎರಡು ಬಿಸ್ಕತ್ತಿದ್ದವು. ನಾರ್ಬರ್ಟ್‌ನ ಕಾಲದಲ್ಲಿ ಇದೇ ದಾರಿಯಲ್ಲಿ ಪಿಂಗಾಣಿ ತಟ್ಟೆಯಲ್ಲಿ ಆಮ್ಲೆಟ್ ಕೊಡುತ್ತಿದ್ದರು. ಅವನು ಅರ್ಧ ಅಂಕ ಕಳೆದ, ಅದೂ ಮನಸ್ಸಿಲ್ಲದ ಮನಸ್ಸಿನಿಂದ.

ನಿಜವಾದ ಗ್ರಹಚಾರ ಕಾದಿದ್ದದ್ದು ಶಾರ್ಲೆಟ್‌ನಲ್ಲಿ. ಫೋರ್ಟ್ ಮೈಯರ್ಸ್ ವಿಮಾನದ ಬಾಗಿಲ ಬಳಿ ಒಂದು ಪರದೆ. ಅದರ ಮೇಲೆ ಪಾಸಿನವರ ಸರದಿ. ಒಟ್ಟು ಹತ್ತೊಂಬತ್ತು ಜನ, ಹತ್ತೊಂಬತ್ತನೆಯ ಹೆಸರು ಪವ್ಲಾಕ್. ಈಗ ಕೆಲಸದಲ್ಲಿರುವವರು ಮೊದಲು, ಅವರ ಮನೆಯವರು ಆಮೇಲೆ, ನಿವೃತ್ತರು ಕಟ್ಟಕಡೆಗೆ. ಮುಂದಿದ್ದವರ ಪೈಕಿ ಅರ್ಧ ಜನ ಹವಾಯಿ ಚಪ್ಪಲಿಯಲ್ಲಿದ್ದರು. ಹತ್ತೂಕಾಲಿನ ವಿಮಾನ ತುಂಬಿ ಹೋಯಿತು. ಹನ್ನೆರಡರದು ತುಂಬಿ ಹೋಯಿತು. ಅಷ್ಟರಲ್ಲಿ ಯಾರೋ ಪೈಲಟ್‌ನ ನಾದಿನಿಯರು, ಇನ್ಯಾರದೋ ಮಾವಂದಿರು ಬಂದು ಸೇರಿಕೊಂಡು ನಾರ್ಬರ್ಟ್ ಇಪ್ಪತ್ತಾರನೆಯವನಾದ. ಕಾದಷ್ಟೂ ಹಿಂದಕ್ಕೆ ಹೋಗುವ ಇಂಥ ಸರದಿ ಭೂಮಿಯ ಮೇಲೆ ಬೇರೆ ಎಲ್ಲೂ ಇರಲಾರದು!

ಅವನು ಟೈ ಸರಿ ಮಾಡಿಕೊಂಡು ಬಾಗಿಲಲ್ಲಿದ್ದ ನೌಕರಳ ಬಳಿ ಹೋದ. "ಅಮ್ಮಾ, ನಾನು ಈ ಕಂಪನಿಯಲ್ಲಿ ಮೂವತ್ತಮೂರು ವರ್ಷ..."

"ತುಂಬಾ ಸಂತೋಷ ಸರ್. ಪರದೆ ನೋಡ್ತಾ ಇರಿ," ಎಂದಳು ಅವಳು, ತಲೆ ಎತ್ತದೆ.

ಅವನು ಅವಳ ಮೇಲೆ ಸಿಟ್ಟಾಗಲು ನೋಡಿದ, ಆಗಲಿಲ್ಲ. ಅವಳ ಮುಂದೆ ಅರವತ್ತು ಜನ, ಕಿವಿಯಲ್ಲಿ ಫೋನು, ಜೊತೆಗೊಬ್ಬರೂ ಇಲ್ಲ. ಅವನ ಕಾಲದಲ್ಲಿ ಅದೇ ಕೆಲಸಕ್ಕೆ ಮೂವರಿರುತ್ತಿದ್ದರು. ಬಾಗಿಲ ಪಕ್ಕದ ಕುರ್ಚಿಗೆ ಬಂದು ಕೂತು ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡ.

ಐಸು ನೀರಾಗತೊಡಗಿತ್ತು. ನಾರ್ಬರ್ಟ್ ನಿಲ್ದಾಣದ ಒಂದೊಂದು ಅಂಗಡಿಗೂ ಹೋಗಿ ಐಸು ಬೇಡಿದ. ಬರೀ ಐಸು ಕೇಳಲು ನಾಚಿಕೆಯಾಗಿ ಪ್ರತಿ ಅಂಗಡಿಯಲ್ಲೂ ಒಂದು ಕಾಫಿ ಕೊಂಡ. ನಾಲ್ಕು ಕಾಫಿಯ ಹೊತ್ತಿಗೆ ಕುರಿಮರಿಯ ಎಡಗಿವಿ ಕಳಚಿ ಬಿದ್ದಿತ್ತು. ಒಂದೂಮುಕ್ಕಾಲಿನ ವಿಮಾನವೂ ಅವನನ್ನು ಬಿಟ್ಟು ಹಾರಿತು.

ಇರೀನ್ ಫೋನ್ ಮಾಡಿದಳು. ಅವಳು ಆಗಲೇ ಅಕ್ಕನ ಮನೆ ಸೇರಿ ಊಟ ಮುಗಿಸಿದ್ದಳು.

"ಕುರಿಮರಿ ಹೇಗಿದೆ?"

"ಸ್ವಲ್ಪ ಬೆವರ್ತಾ ಇದೆ."

"ನೀನು?"

"ನಾನೂ."

"ಈಗ ಎಷ್ಟನೆಯವನು?"

"ಮೂವತ್ತೊಂದು."

"ಬೆಳಗ್ಗೆ ಹತ್ತೊಂಬತ್ತು ಅಂದ್ಯಲ್ಲ! ಏನು ಮಾರಾಯಾ, ಇದೇ ಲೆಕ್ಕದಲ್ಲಿ ಹೋದ್ರೆ ಸಂಜೆಗೆ ಬಫಲೋದಲ್ಲಿರ್ತೀಯಾ. ನೋಡು, ಅಲ್ಲಿಂದ ನಾಲ್ಕು ನಲವತ್ತಕ್ಕೆ ಹಾಪ್‌ಸ್ಕಾಚ್ ವಿಮಾನ ಇದೆ. ಎದ್ದು ಹೋಗು."

"ನಾನಾ? ಈ ಪಿನ್ನು ಹಾಕ್ಕೊಂಡು ಅದರಲ್ಲಾ? ನನ್ನ ಹೆಣವೂ ಹತ್ತಲ್ಲ!"

ಹೇಳಿದ ಮೇಲೆ ಆ ಮಾತು ಅವನಿಗೇ ಇರಿಯಿತು.

"ವಾಂಡಾ ಬೆಳಗ್ಗೆಯಿಂದ ಆ ಮೇಜನ್ನ ಮೂರು ಸಲ ಒರೆಸಿದ್ದಾಳೆ," ಎಂದಳು ಇರೀನ್. "ನಡುವೆ ಒಂದು ತಟ್ಟೆ ಇಟ್ಟಿದ್ದಾಳೆ, ಖಾಲಿ. ನಿಂಗೆ ಬರೋಕಾಗಲ್ಲ ಅಂದ್ರೆ ಅವಳಿಗೆ ನೀನೇ ಹೇಳು. ಫೋನ್ ಕೊಡ್ತೀನಿ."

ವಾಂಡಾ ಫೋನು ತೆಗೆದುಕೊಂಡು "ನಾರ್ಬ್?" ಎಂದಳು. ನಾರ್ಬರ್ಟ್ ಬಾಯಿ ತೆರೆದ. "ಸೀಟಿಲ್ಲ ವಾಂಡಾ" ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಎಂಟು ವರ್ಷ ಎಡ್‌ಗೆ ಹೇಳಿ ಹೇಳಿ ಸವೆದ ಮಾತು, ತಾನಾಗಿಯೇ ಬರುತ್ತಿತ್ತು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಬರ್ತಾ ಇದ್ದೀನಿ," ಎಂದ. "ಏಳು ಗಂಟೆಗೆಲ್ಲ ಅಲ್ಲಿರ್ತೀನಿ." ಪಿನ್ನು ತೆಗೆದು ಜೇಬಿಗೆ ಹಾಕಿಕೊಂಡು ಎದ್ದ.

ಹಾಪ್‌ಸ್ಕಾಚ್‌ನಲ್ಲಿ ಕೊನೆಗೆ ಉಳಿದಿದ್ದ ಟಿಕೆಟೊಂದು ಸಿಕ್ಕಿತು. ಆದರೆ ಅದಕ್ಕೆ ಒಂದೇ ಚೀಲ ಬಿಟ್ಟಿ. ನಾ ಯಾಕೆ ಎರಡನೆಯದಕ್ಕೆ ಕೊಡಲಿ ಎಂದು ನಾರ್ಬರ್ಟ್ ಹಟ ಹಿಡಿದ. ಶೌಚಾಲಯಕ್ಕೆ ಹೋಗಿ ಪೆಟ್ಟಿಗೆಯಲ್ಲಿದ್ದ ಎರಡು ಅಂಗಿಗಳನ್ನೂ ಮೈಮೇಲಿದ್ದ ಅಂಗಿಯ ಮೇಲೆಯೇ ತೊಟ್ಟ. ಅವುಗಳ ಮೇಲೆ ಸ್ವೆಟರು, ಅದರ ಮೇಲೆ ಸೂಟು. ಒಳಉಡುಪು, ಕಾಲುಚೀಲ, ಹಲ್ಲುಜ್ಜುವ ಬ್ರಷ್ಷು ಎಲ್ಲ ಜೇಬಿಗೆ ಹೋದವು. ಖಾಲಿ ಪೆಟ್ಟಿಗೆಯನ್ನು ಗುಡಿಸುವವಳಿಗೆ ದಾನ ಮಾಡಿದ. ಹೊರಗೆ ಬಂದಾಗ ಅವನ ಕೈಗಳು ದೇಹಕ್ಕೆ ತಾಗುತ್ತಿರಲಿಲ್ಲ. ಹೋದವನು ಒಬ್ಬ, ಬಂದವನು ಒಂದೂವರೆ!

ಬಾಗಿಲಲ್ಲಿ ಚೀಲ ಅಳೆಯುವ ಒಂದು ಕಬ್ಬಿಣದ ಚೌಕಟ್ಟಿತ್ತು. ಐಸ್ ಡಬ್ಬವನ್ನು ಅದರೊಳಗೆ ಇಳಿಸಿದ. ಅರ್ಧಕ್ಕೆ ಇಳಿದು ಸಿಕ್ಕಿಕೊಂಡಿತು. ಕೆಳಕ್ಕೂ ಹೋಗದು, ಮೇಲಕ್ಕೂ ಬಾರದು. ಹಿಂದಿನ ಸಾಲಿನವರು ಗೊಣಗತೊಡಗಿದರು. ಅವನು ಚೌಕಟ್ಟಿಗೆ ಕಾಲು ಕೊಟ್ಟು ಎಳೆಯುತ್ತಿದ್ದಾಗ ನೇರಳೆ ಕೊರಳವಸ್ತ್ರದ ನಡುವಯಸ್ಸಿನ ನೌಕರಳೊಬ್ಬಳು ಹತ್ತಿರ ಬಂದಳು.

"ಪವ್ಲಾಕ್ ಸರ್?"

ಅವನು ತಲೆ ಎತ್ತಿ ನೋಡಿದ. "ಶಾರ್ಲೀನ್!"

ಬಫಲೋ ಕೌಂಟರಿನಲ್ಲಿ ಅವನೇ ಕೆಲಸ ಕಲಿಸಿದ್ದ ಶಾರ್ಲೀನ್. ಬೂಟು ಮಿಂಚುತ್ತಿಲ್ಲವೆಂದು ಒಮ್ಮೆ ಅವಳನ್ನು ಮನೆಗೂ ಕಳಿಸಿದ್ದ.

"ನೀನು ಇಲ್ಲಿ? ಎಂಥ ಕಂಪನಿಯಿಂದ ಎಂಥ ಕಂಪನಿಗೆ ಬಂದ್ಯಮ್ಮ!"

"ನಾನೆಲ್ಲಿ ಬಂದೆ ಸರ್? ಕೌಂಟರ್ ತೆಗೆದು ಯಂತ್ರ ನಿಲ್ಲಿಸಿದ ದಿನ ನಮ್ಮ ಹದಿನಾಲ್ಕು ಜನಾನೂ ಕಳಿಸಿದ್ರು. ಮಗಳ ಮನೆ ಈ ಊರಲ್ಲಿ. ಇವ್ರು ಕೆಲಸ ಕೊಟ್ರು." ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ದಪ್ಪ ಆಗಿದ್ದೀರಿ ಸರ್."

"ಬಟ್ಟೆ ಕಣಮ್ಮ ಅದು. ಆಮೇಲೆ ಹೇಳ್ತೀನಿ. ಈ ಡಬ್ಬವನ್ನ ಹೇಗಾದ್ರೂ ಒಳಗೆ ಬಿಟ್ಬಿಡು. ನಮ್ಮೋಳಲ್ವಾ ನೀನು?"

ಶಾರ್ಲೀನ್ ಡಬ್ಬವನ್ನು ಒಂದು ಬದಿಗೆ ತಿರುಗಿಸಿ, ಒಂದೇ ಎಳೆತಕ್ಕೆ ಹೊರತೆಗೆದು ಅವನ ಕೈಗೆ ಕೊಟ್ಟಳು. "ಚೌಕಟ್ಟಲ್ಲಿ ಹಿಡಿಸಲಿಲ್ಲ ಸರ್. ದುಡ್ಡು ಕೊಡ್ಬೇಕು."

"ಶಾರ್ಲೀನ್! ನಾನು ಕಣಮ್ಮ!"

"ಮೊದಲನೇ ದಿನ ನೀವೇ ಹೇಳಿಕೊಟ್ಟಿದ್ದು. ನಿಯಮ ಎಲ್ಲರಿಗೂ ಒಂದೇ, ಗುರುತಿನವರಿಗೆ ಇನ್ನೂ ಗಟ್ಟಿ. ಆದ್ರೆ ಆಗಲ್ಲ ಅನ್ನುವಾಗ ನಗ್ತಾ ಅನ್ನು ಅಂತ." ಅವಳು ನಕ್ಕಳು. ಅಪ್ಪಟ ಎಂಪೈರ್ ಅಟ್ಲಾಂಟಿಕ್ ನಗು, ನಾರ್ಬರ್ಟ್‌ನೇ ತಿದ್ದಿ ತೀಡಿದ ನಗು! ಅವನು ಬಾಯಿ ಮುಚ್ಚಿಕೊಂಡು ದುಡ್ಡು ಕೊಟ್ಟ.

"ಹೀಗೆ ನಗಬೇಕು ಅಂತ ಇಲ್ಲೂ ಹೇಳ್ತಾರಾ?" ಎಂದು ಕೇಳದೆ ಅವನಿಗೆ ಇರಲಾಗಲಿಲ್ಲ.

"ಎಲ್ಲಿ ಬಂತು ಸರ್! ಅಲ್ಲಿ ನಗು ಸಂಬಳದಲ್ಲೇ ಸೇರಿತ್ತು. ಇಲ್ಲಿ ಅದಕ್ಕೆ ಯಾರೂ ಕಾಸು ಕೊಡಲ್ಲ. ಹಾಗಾಗಿ ನಕ್ಕರೆ ನಂದೇ ನಗು, ನಂಗೆ ಬೇಕಾದೋರಿಗೆ ಮಾತ್ರ." ಡಬ್ಬದಲ್ಲಿ ಏನಿದೆ ಎಂದು ಕೇಳಿದಳು. ಅವನು ಹೇಳಿದ, ಎಡ್‌ನ ವಿಷಯವನ್ನೂ ಹೇಳಿದ. ಅವಳು ಸಾಲನ್ನು ಅರ್ಧ ನಿಮಿಷ ನಿಲ್ಲಿಸಿ ಅವನೊಂದಿಗೆ ವಿಮಾನದ ಬಾಗಿಲವರೆಗೂ ನಡೆದು ಬಂದು ಒಳಗಿದ್ದವನ ಕಿವಿಯಲ್ಲಿ ಏನೋ ಹೇಳಿ ಹೋದಳು.

ಸೀಟು ಹಲಗೆಯಷ್ಟೇ ಮೆತ್ತಗಿತ್ತು. ಹಿಂದಕ್ಕೆ ಬಾಗುತ್ತಿರಲಿಲ್ಲ. ಮೂರು ಅಂಗಿಯ ನಾರ್ಬರ್ಟ್ ಎರಡು ಕೈಯಾಸರೆಗಳ ನಡುವೆ ಬಿರಡೆಯಂತೆ ಕೂತುಬಿಟ್ಟ. ವಿಮಾನ ಮೇಲೇರಿದ ಮೇಲೆ ಗಡ್ಡದ ಪರಿಚಾರಕ ಬೆಲೆಪಟ್ಟಿ ಹಿಡಿದು ಬಂದ.

"ಐಸು ಬೇಕಂತಲ್ಲ ಸರ್. ಎಷ್ಟು ಅಂತ ನೋಡ್ತೀನಿ." ಪಟ್ಟಿಯ ಮೇಲೆ ಬೆರಳಾಡಿಸಿದ. ನೀರಿಗೆ ಬೆಲೆ ಇತ್ತು, ಲೋಟಕ್ಕೆ ಬೆಲೆ ಇತ್ತು, ಕಂಬಳಿಗೆ, ಕಡಲೆಕಾಯಿಗೆ ಎಲ್ಲದಕ್ಕೂ ಇತ್ತು. ಪಟ್ಟಿ ತಿರುಗಿಸಿಯೂ ನೋಡಿದ. "ಐಸಿಗೆ ಬೆಲೆ ಹಾಕೋಕೆ ಮರೆತಿದ್ದಾರೆ ಸರ್! ಹಾಗಾದ್ರೆ ಎಷ್ಟು ಬೇಕಾದ್ರೂ ತಗೊಳ್ಳಿ, ನಾಳೆ ಹಾಕ್ತಾರೆ." ಒಂದು ಬಕೆಟ್ ತುಂಬ ತಂದು ತಾನೇ ಮಂಡಿಯೂರಿ ಡಬ್ಬಕ್ಕೆ ಸುರಿದ. ಒಳಗಿದ್ದದ್ದನ್ನು ಇಣುಕಿ ನೋಡಿದವನು ಪಾಪ, ಮೆಲ್ಲಗೆ ಮುಚ್ಚಳ ಮುಚ್ಚಿದ.

ನಾರ್ಬರ್ಟ್ ಕಿಟಕಿಯ ಕಡೆ ತಿರುಗಿದ. ಇಷ್ಟು ವರ್ಷ ಸೇವೆ ಎಂದರೆ ಪಿಂಗಾಣಿ ತಟ್ಟೆ, ಟೈ, ರೆಕ್ಕೆಯ ಪಿನ್ನು ಎಂದುಕೊಂಡಿದ್ದ. ಅದು ಕಂಪನಿಯ ಸ್ವತ್ತು ಎಂದುಕೊಂಡಿದ್ದ. ಅದು ಕೌಂಟರಿನ ಹಿಂದೆ ನಿಂತವರ ಬಳಿ ಇತ್ತು. ಅವರನ್ನು ಕಳಿಸಿದ ದಿನ ಅದೂ ಅವರ ಹಿಂದೆಯೇ ಹೊರಟುಹೋಗಿ, ಎಲ್ಲಿ ಕೆಲಸ ಸಿಕ್ಕಿತೋ ಅಲ್ಲಿ ಸೇರಿಕೊಂಡಿತು. ಇದನ್ನು ಸಂಘದ ಸಭೆಯಲ್ಲಿ ಹೇಳಿದರೆ ಊಟ ಹಾಕದೆ ಓಡಿಸುತ್ತಾರೆ ಎಂದು ಅವನಿಗೆ ಅನಿಸಿತು. ಹೇಳಬೇಕು ಎಂದೂ ಅನಿಸಿತು.

ಹೇಳಿದ ಹಾಗೆ ಏಳು ಗಂಟೆಗೆ ಅವನು ವಾಂಡಾಳ ಬಾಗಿಲಲ್ಲಿದ್ದ. ಫ್ಲಾರಿಡಾದ ಸೆಖೆಯಲ್ಲಿ ಮೂರು ಅಂಗಿ, ಸ್ವೆಟರು, ಸೂಟು! ಇರೀನ್ ಬಾಗಿಲು ತೆಗೆದವಳೇ ಹೆಜ್ಜೆ ಹಿಂದಿಟ್ಟಳು.

"ಅಯ್ಯೋ! ಏನಿದು ಅವತಾರ?"

"ನಿನ್ನ ಕುಂಟೆಬಿಲ್ಲೆಯ ಕೃಪೆ. ದಾರಿ ಬಿಡು."

ವಾಂಡಾ ಮೇಜಿನ ಬಳಿ ನಿಂತಿದ್ದಳು. ನಡುವಿನ ತಟ್ಟೆ ಖಾಲಿ ಇತ್ತು. ನಾರ್ಬರ್ಟ್ ಡಬ್ಬದ ಮುಚ್ಚಳ ತೆಗೆದು, ಒಳಗಿದ್ದದ್ದನ್ನು ಎರಡೂ ಕೈಯಲ್ಲಿ ಎತ್ತಿ ಆ ತಟ್ಟೆಯ ಮೇಲಿಟ್ಟ. ಕುರಿಮರಿ ಕರಗಿ, ಪುನಃ ಗಟ್ಟಿಯಾಗಿ, ಒಂದು ದೊಡ್ಡ ಆಲೂಗಡ್ಡೆಯಂತಾಗಿತ್ತು. ಕೆಂಪು ಪಟ್ಟಿ ಸೊಂಟಕ್ಕೆ ಜಾರಿತ್ತು. ಎರಡು ಕಾಳುಮೆಣಸೂ ಬೆನ್ನ ಮೇಲೆ ಅಕ್ಕಪಕ್ಕ ಕೂತಿದ್ದವು. ಬಾವುಟ ಮಾತ್ರ ನೆಟ್ಟಗೆ ನಿಂತಿತ್ತು.

"ಕ್ಷಮಿಸು ವಾಂಡಾ," ಎಂದ. "ತಲೆ ಎಲ್ಲಿ ಹೋಯ್ತೋ ಗೊತ್ತಿಲ್ಲ."

ವಾಂಡಾ ಬಗ್ಗಿ ನೋಡಿದಳು. ತುಟಿ ಬಿಗಿಹಿಡಿದಳು, ಆಗಲಿಲ್ಲ. ಕುರ್ಚಿಗೆ ಕುಸಿದು ನಗತೊಡಗಿದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ಅತ್ತಳು, ಅಳುತ್ತಲೇ ನಕ್ಕಳು. ಜನವರಿಯಿಂದ ಅಕ್ಕ ನಕ್ಕದ್ದನ್ನು ಇರೀನ್ ನೋಡಿದ್ದು ಅದೇ ಮೊದಲು.

"ಒಳ್ಳೇದೇ ಆಯ್ತು ಬಿಡು," ಎಂದಳು ವಾಂಡಾ ಕಣ್ಣೊರೆಸಿಕೊಳ್ಳುತ್ತ. "ಈ ವರ್ಷ ತಲೆ ಕತ್ತರಿಸೋ ಪಾಪ ಯಾರಿಗೂ ಇಲ್ಲ."

ಮರುದಿನದ ಊಟ ಚೆನ್ನಾಗಿ ನಡೆಯಿತು. ಎಡ್ ಕೂರುತ್ತಿದ್ದ ಕುರ್ಚಿಯ ಕಡೆ ಮೂವರೂ ಆಗಾಗ ನೋಡಿದರು, ನೋಡಿದ್ದನ್ನು ಯಾರೂ ಮುಚ್ಚಿಡಲಿಲ್ಲ. ಊಟವಾದ ಮೇಲೆ ನಾರ್ಬರ್ಟ್ ತಟ್ಟೆ ತೊಳೆಯಲು ನಿಂತ, ವಾಂಡಾ ಒರೆಸಲು ನಿಂತಳು.

"ನಾಳೆ ಹೇಗೆ ಹೋಗ್ತೀಯಾ?" ಎಂದು ಅವಳು ಕೇಳಿದಳು.

"ಪಾಸ್ ಇದೆಯಲ್ಲ. ಸೀಟು ಉಳಿದ್ರೆ..." ಎಂದವನು ಅಲ್ಲಿಗೇ ನಿಂತ. ನಲ್ಲಿ ನಿಲ್ಲಿಸಿದ. "ವಾಂಡಾ, ಎಂಟು ವರ್ಷ ಸೀಟಿಲ್ಲ ಅಂದೆ. ಅದು ಸುಳ್ಳು. ಹಾಪ್‌ಸ್ಕಾಚ್‌ನಲ್ಲಿ ದಿನಾ ಇತ್ತು. ನಂಗೇ ಬೇಕಿರಲಿಲ್ಲ."

"ಗೊತ್ತು."

"ಗೊತ್ತಾ?"

"ಎಡ್ ಪ್ರತಿ ಈಸ್ಟರ್‌ಗೂ ಕಂಪ್ಯೂಟರ್ ಮುಂದೆ ಕೂತು ನೋಡ್ತಿದ್ದ. 'ಈ ಸಲ ಹದಿನೇಳು ಸೀಟು ಖಾಲಿ ಇದೆ ಕಣೇ' ಅಂತ ಅಲ್ಲಿಂದಲೇ ಕೂಗಿ ಹೇಳ್ತಿದ್ದ. ಆಮೇಲೆ ನಿಂಗೆ ಫೋನ್ ಮಾಡ್ತಿದ್ದ."

ನಾರ್ಬರ್ಟ್‌ನ ಕೈಯಿಂದ ಸಾಬೂನಿನ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. "ಮತ್ತೆ ಒಂದು ಸಲಾನೂ ನನ್ನ ಕೇಳಲಿಲ್ಲ ಅವನು!"

"ನಾನೂ ಕೇಳು ಅಂದೆ. 'ಆ ಕಂಪನಿ ಬಿಟ್ರೆ ಅವನ ಹತ್ರ ಇನ್ನೇನಿದೆ, ಇರ್ಲಿ ಬಿಡು. ಅವನು ಬರದಿದ್ರೆ ನಾವೇ ಹೋಗೋಣ' ಅಂದ. ಅಕ್ಟೋಬರ್‌ನಲ್ಲೇ ಹಾಪ್‌ಸ್ಕಾಚ್‌ನಲ್ಲಿ ಎರಡು ಟಿಕೆಟ್ ತೆಗೆದ. ಈಸ್ಟರ್ ಸೋಮವಾರ ಬಫಲೋದಲ್ಲಿ ನಮ್ಮ ಪೋಲಿಷ್ ಜನ ಮಾಡೋ ಮೆರವಣಿಗೆಗೆ, ನಿಂಗೆ ಹೇಳದೆ ಬಂದು ಬಾಗಿಲು ತಟ್ಟೋಣ ಅಂತ."

ಅವಳು ಡ್ರಾಯರ್ ಎಳೆದು ಒಂದು ಹಾಳೆ ತೆಗೆದು ಅವನ ಮುಂದೆ ಹಿಡಿದಳು. ಎರಡು ಹೆಸರಿದ್ದವು. ಮೊದಲನೆಯದು ವಾಂಡಾಳದು. ಎರಡನೆಯದು ನಾರ್ಬರ್ಟ್ ಪವ್ಲಾಕ್.

"ದುಡ್ಡು ವಾಪಸ್ ಕೊಡಲ್ಲ ಅಂದ್ರು. ಅವರು ತೀರಿಕೊಂಡ್ರಮ್ಮ ಅಂದೆ. ಫೋನಲ್ಲಿದ್ದ ಹೆಂಗಸು, 'ಅವರ ಜಾಗದಲ್ಲಿ ನಿಮ್ಮೋರು ಯಾರನ್ನಾದ್ರೂ ಕೂರಿಸಿಕೊಂಡು ಹೋಗಿ' ಅಂದಳು. ಹೆಸರು ಬದಲಾಯಿಸೋಕೆ ಅವಳು ಏನೂ ಕೇಳಲಿಲ್ಲ. ನಾನೂ ನಿಮ್ಮ ಜೊತೆ ಬರ್ತೀನಿ ನಾಳೆ. ಇರೀನ್ ಹಿಂದಿನ ಸಾಲಲ್ಲಿದ್ದಾಳೆ."

ನಾರ್ಬರ್ಟ್ ಆ ಹಾಳೆಯನ್ನು ಮುಟ್ಟಲಿಲ್ಲ. ಒದ್ದೆ ಕೈಯಲ್ಲಿ ಮುಖ ಮುಚ್ಚಿಕೊಂಡು ಸಿಂಕಿಗೆ ಒರಗಿ ನಿಂತ. ವಾಂಡಾ ಅವನು ಸುಧಾರಿಸಿಕೊಳ್ಳುವವರೆಗೂ ಕಾದಳು. ಒಂದು ತಟ್ಟೆಯನ್ನು ಎರಡು ಸಲ ಒರೆಸಿದಳು.

"ಕಾಲು ಚಾಚೋಕೆ ಜಾಗ ಇರೋ ಸೀಟು ಅದು," ಎಂದಳು ಆಮೇಲೆ. "ಅದಕ್ಕೆ ಅಂತ ಬೇರೆ ದುಡ್ಡು ಕೊಟ್ಟಿದ್ದ. ನಾಳೆ ಆರಾಮಾಗಿ ಕೂತ್ಕೋ. ಆದ್ರೆ ಒಂದು ಮಾತು ನಾರ್ಬ್. ಎಡ್ ಸೀಟಲ್ಲಿ ಕೂತು, ಅದು ಸರಿ ಇಲ್ಲ, ಇದು ಸರಿ ಇಲ್ಲ, ನಮ್ಮ ಕಾಲದಲ್ಲಿ ಹಾಗಿತ್ತು ಅಂತ ಒಂದೇ ಒಂದು ಗೊಣಗು ಕೇಳಿಸ್ತೋ, ಕಿಟಕಿ ಒಡೆದು ನಿನ್ನ ಆಚೆ ತಳ್ತೀನಿ. ಆ ಸೇವೆ ಪೂರ್ತಿ ಬಿಟ್ಟಿ!"